ಗೋಡೆಯ ಮೇಲೆ ಎರಡು ಸಾವನದುರ್ಗ

ಬಸವನಗುಡಿಯಲ್ಲಿ ಒಂದು ಭಾನುವಾರ ಬೆಳಿಗ್ಗೆ, ಫೋಟೋ ಹುಚ್ಚಿನ ನಲವತ್ತು ಐವತ್ತು ಜನರ ಮುಂದೆ ಆಡಿದ ಮಾತು ಇದು. ಬರಹಕ್ಕೆ ಇಳಿಸುವಾಗ ಕೆಲವನ್ನು ಕತ್ತರಿಸಿದ್ದೇನೆ, ಒಂದೆರಡು ಕಡೆ ಸೇರಿಸಿದ್ದೇನೆ. ಪ್ರಶ್ನೋತ್ತರದಲ್ಲಿ ನೆನಪಿದ್ದಷ್ಟು ಕೊನೆಗಿದೆ.

ಎಲ್ಲರಿಗೂ ನಮಸ್ಕಾರ. ಕಾಫಿ ಇನ್ನೂ ಬಂದಿಲ್ಲ. ಅದು ಬರುವವರೆಗೆ ನೀವು ಸ್ವಲ್ಪ ಎದ್ದು ಓಡಾಡಬೇಕು. ಈ ಗೋಡೆಗೆ ಎರಡು ಪ್ರಿಂಟ್ ಅಂಟಿಸಿದ್ದೇನೆ. ಎರಡೂ 12ಕ್ಕೆ 18 ಇಂಚು. ಎರಡೂ ಸಾವನದುರ್ಗವೇ. ಮಂಚನಬೆಲೆ ಹಿನ್ನೀರಿನ ಈಚೆ ದಡದಲ್ಲಿ, ಒಂದೇ ಟ್ರೈಪಾಡ್ ಮೇಲೆ, ಒಂದೇ ಬೆಳಿಗ್ಗೆ ತೆಗೆದದ್ದು. ಒಂದು ಫುಲ್ ಫ್ರೇಮ್ ಕ್ಯಾಮೆರಾದ್ದು, ಇನ್ನೊಂದು ಕ್ರಾಪ್ ಸೆನ್ಸರ್‌ನದ್ದು. ಸೆನ್ಸರ್ ಅಂದರೆ ಕ್ಯಾಮೆರಾದೊಳಗೆ ಬೆಳಕು ಹಿಡಿಯುವ ಬಿಲ್ಲೆ; ಫುಲ್ ಫ್ರೇಮ್‌ನಲ್ಲಿ ಅದು ದೊಡ್ಡದು, ಕ್ರಾಪ್‌ನಲ್ಲಿ ಚಿಕ್ಕದು. ಎರಡೂ 24 ಮೆಗಾಪಿಕ್ಸೆಲ್. ಕೆಳಗೆ ಪೆನ್ಸಿಲ್‌ನಲ್ಲಿ ‘ಅ’, ‘ಆ’ ಎಂದು ಬರೆದಿದ್ದೇನೆ. ಹತ್ತಿರ ಹೋಗಿ ನೋಡಿ. ಫುಲ್ ಫ್ರೇಮ್ ಯಾವುದು ಅಂತ ಮನಸ್ಸಲ್ಲೇ ಇಟ್ಟುಕೊಳ್ಳಿ. ಪಕ್ಕದವರನ್ನು ಕೇಳಬೇಡಿ.

ಆಯ್ತಾ? ಈಗ ಕೈ ಎತ್ತಿ. ‘ಅ’ ಅನ್ನುವವರು? ಆರೇಳು ಕೈ. ‘ಆ’ ಅನ್ನುವವರು? ಅಬ್ಬಾ, ಮುಕ್ಕಾಲು ಸಭೆ. ಯಾಕೆ ಹಾಗನ್ನಿಸಿತು? ಮುಂದಿನ ಸಾಲಿನ ಹುಡುಗ ಹೇಳುತ್ತಿದ್ದಾನೆ, “ಅದರಲ್ಲಿ ಆಳ ಇದೆ ಸಾರ್, ಬಂಡೆ ಮುಟ್ಟೋ ಹಾಗಿದೆ” ಅಂತ. ಸರಿ. ಉತ್ತರ ಆಮೇಲೆ ಹೇಳುತ್ತೇನೆ. ಯಾವ ಕಡೆಗೂ ಕೈ ಎತ್ತದೆ, ಪ್ರಿಂಟ್‌ಗೆ ಮೂಗು ತಾಗುವಷ್ಟು ಹತ್ತಿರ ನಿಂತಿರುವ ಹಿರಿಯರೊಬ್ಬರು ಅಲ್ಲಿದ್ದಾರೆ. ಅವರು ನೋಡಲಿ ಬಿಡಿ.

ಮೊದಲು ಹೆಸರಿನ ಜಗಳ ಮುಗಿಸೋಣ. ‘ಫುಲ್’ ಅಂದ ಕೂಡಲೇ ಬೆಂಗಳೂರಿನವರಿಗೆ ಹೋಟೆಲ್ ನೆನಪಾಗುತ್ತದೆ. ಫುಲ್ ಮೀಲ್ಸ್, ಮಿನಿ ಮೀಲ್ಸ್. ಮಿನಿ ತಿಂದವನಿಗೆ ಪಾಯಸ ತಪ್ಪಿತಲ್ಲ ಅನ್ನುವ ಕೊರಗು ಇದ್ದೇ ಇರುತ್ತದೆ. ಕ್ರಾಪ್ ಸೆನ್ಸರ್ ಇಟ್ಟುಕೊಂಡವರ ಕೊರಗೂ ಇಂಥದ್ದೇ. ತಾನು ಅರ್ಧ ಊಟದಲ್ಲಿ ಎದ್ದು ಬಂದೆ ಅನ್ನುವ ಹಾಗೆ. ಆದರೆ ಫುಲ್ ಅಂದರೆ ಯಾವುದರ ಫುಲ್?

1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಈಸ್ಟ್ ಇಂಡಿಯಾ ಕಂಪನಿಯ ಸೇನಾಧಿಕಾರಿ ಹಂಪಿಯ ಫೋಟೋ ತೆಗೆದ. ಆಗ ಫಿಲ್ಮ್ ಇರಲಿಲ್ಲ. ಮೇಣ ಹಚ್ಚಿದ ಕಾಗದವೇ ನೆಗೆಟಿವ್. ಅದರ ಅಳತೆ ಹತ್ತಿರ ಹತ್ತಿರ 16ಕ್ಕೆ 18 ಇಂಚು. ಅಷ್ಟು ದೊಡ್ಡ ಕಾಗದ ಹಿಡಿಸುವ ಮರದ ಪೆಟ್ಟಿಗೆಯನ್ನು ಹಂಪಿಯ ಬಂಡೆಗಳ ನಡುವೆ ಹೊತ್ತು ತಿರುಗಿದವರು ಯಾರೋ, ಅವರ ಹೆಸರು ಯಾರೂ ಬರೆದಿಟ್ಟ ಹಾಗಿಲ್ಲ. ಆ ಮನುಷ್ಯನ ಮುಂದೆ ನಮ್ಮ ಫುಲ್ ಫ್ರೇಮ್ ಹಿಡಿದರೆ ನಗುತ್ತಿದ್ದ. 36 ಮಿಮೀ ಅಗಲ, 24 ಮಿಮೀ ಎತ್ತರ. ಒಂದು ಅಂಚೆ ಚೀಟಿ.

ಈ ಅಂಚೆ ಚೀಟಿ ಬಂದದ್ದಾದರೂ ಹೇಗೆ? ಜರ್ಮನಿಯ ಲೈಟ್ಸ್ ಕಂಪನಿಯಲ್ಲಿ ಓಸ್ಕರ್ ಬಾರ್ನಾಕ್ ಅಂತ ಒಬ್ಬ ಮೆಕ್ಯಾನಿಕ್ ಇದ್ದ. ಅವನಿಗೆ ಉಬ್ಬಸ. ಗಾಜಿನ ಪ್ಲೇಟ್ ಹಾಕುವ ದೊಡ್ಡ ಕ್ಯಾಮೆರಾ ಹೊತ್ತು ಗುಡ್ಡ ಸುತ್ತುವುದು ಕಷ್ಟ. ಸಿನಿಮಾಕ್ಕೆ ಬಳಸುವ 35 ಮಿಮೀ ರೀಲನ್ನೇ ಹಾಕಿ ಪುಟ್ಟ ಕ್ಯಾಮೆರಾ ಮಾಡಿದ. ಸಿನಿಮಾದ ಒಂದು ಚೌಕ 18ಕ್ಕೆ 24 ಮಿಮೀ ಇತ್ತು. ಅದನ್ನು ದುಪ್ಪಟ್ಟು ಮಾಡಿ 24ಕ್ಕೆ 36 ಮಾಡಿಕೊಂಡ. ಅದೇ ಲೈಕಾ ಎಂಬ ಹೆಸರಲ್ಲಿ 1925ರಲ್ಲಿ ಮಾರುಕಟ್ಟೆಗೆ ಬಂತು. ಆಗಿನ ದೊಡ್ಡ ಫೋಟೋಗ್ರಾಫರ್‌ಗಳು ಇದನ್ನು ಮಿನಿಯೇಚರ್ ಕ್ಯಾಮೆರಾ ಅಂತ ಕರೆಯುತ್ತಿದ್ದರು. ಅವತ್ತಿನ ಮಿನಿ ಮೀಲ್ಸು ಇವತ್ತಿನ ಫುಲ್ ಮೀಲ್ಸು! ಬೆಟ್ಟ ಹತ್ತಲಾರದವನೊಬ್ಬ ಭಾರ ಇಳಿಸಿಕೊಳ್ಳಲು ಹುಡುಕಿದ ಅಳತೆಯನ್ನೇ ನಾವೀಗ ಹತ್ತು ಕಿಲೋ ಬ್ಯಾಗ್‌ನಲ್ಲಿ ಹೊರುತ್ತಿದ್ದೇವೆ.

ಸಿನಿಮಾದ ಮಾತು ಬಂತಲ್ಲ. ಮಾತಿನ ಸಿನಿಮಾ ಬಂದು, ರೀಲಿನ ಅಂಚಿನಲ್ಲಿ ಶಬ್ದಕ್ಕೂ ಜಾಗ ಬೇಕಾದಾಗ, ಚಿತ್ರದ ಚೌಕ ಇನ್ನೂ ಕುಗ್ಗಿತು. ಸುಮಾರು 22ಕ್ಕೆ 16 ಮಿಮೀ. ಈಗ ನಿಮ್ಮ ಕೈಯಲ್ಲಿರುವ ಕ್ರಾಪ್ ಸೆನ್ಸರ್ ನೋಡಿ. ನಿಕಾನ್, ಸೋನಿ, ಫ್ಯೂಜಿಯವರದ್ದು ಸುಮಾರು 23.5ಕ್ಕೆ 15.6 ಮಿಮೀ. ಕ್ಯಾನನ್‌ನದ್ದು ಇನ್ನೊಂದು ಚೂರು ಚಿಕ್ಕದು. ಅಂದರೆ ಕೆ.ಜಿ. ರಸ್ತೆಯ ಥಿಯೇಟರುಗಳಲ್ಲಿ ಗೋಡೆ ತುಂಬ ನೋಡಿದ ಎಷ್ಟೋ ಸಿನಿಮಾಗಳ ಒಂದೊಂದು ಚೌಕವೂ ನಿಮ್ಮ ‘ಅರ್ಧ’ ಸೆನ್ಸರ್‌ನಷ್ಟೇ ಇತ್ತು. ಅಲ್ಲಿ ಸೆಕೆಂಡಿಗೆ 24 ಚೌಕ ಓಡುತ್ತವೆ, ಫಿಲ್ಮಿನ ಕಾಳುಕಾಳು, ಅಂದರೆ ಗ್ರೇನ್, ಕಣ್ಣಿಗೆ ಕಟ್ಟುವುದಿಲ್ಲ, ಅದು ನಿಜ. ಆದರೂ ಮುಂದಿನ ಸಲ ಯಾರಾದರೂ “ಕ್ರಾಪಾ?” ಅಂತ ಮೂಗೆಳೆದರೆ ಇದನ್ನು ಹೇಳಿ. ಸುಮ್ನೆ ಇರ್ತಾರೆ.

ಡಿಜಿಟಲ್ ಬಂದಾಗ ಕ್ರಾಪ್ ಯಾಕೆ ಬಂತು ಅನ್ನೋದು ದುಡ್ಡಿನ ಕಥೆ. ಸೆನ್ಸರ್ ಕೊಯ್ಯುವುದು ಸಿಲಿಕಾನ್ ಬಿಲ್ಲೆಯಿಂದ. ದೊಡ್ಡ ತುಂಡು ಕೊಯ್ದರೆ ಕಡಿಮೆ ತುಂಡು ಸಿಗುತ್ತವೆ, ಒಂದು ಕಲೆ ಇದ್ದರೂ ಇಡೀ ತುಂಡು ದಂಡ. 2002ರಲ್ಲಿ ಬಂದ ಕ್ಯಾನನ್ 1ಡಿಎಸ್ ಎಂಬ ಫುಲ್ ಫ್ರೇಮ್ ಕ್ಯಾಮೆರಾಗೆ ಹತ್ತಿರ ಹತ್ತಿರ 8000 ಡಾಲರ್. ಮರುವರ್ಷ ಬಂದ 300ಡಿ ಕ್ರಾಪ್, ಸಾವಿರ ಡಾಲರ್ ಒಳಗೆ. ನಮ್ಮಂಥವರು ಡಿಜಿಟಲ್‌ಗೆ ಕಾಲಿಟ್ಟದ್ದೇ ಆ ಬಾಗಿಲಿನಿಂದ.

ಕಾಫಿ ಬಂತು. ಕುಡಿಯುತ್ತಾ ಕೇಳಿ, ಸ್ವಲ್ಪ ಲೆಕ್ಕ ಇದೆ.

ಲೆನ್ಸ್ ಹಿಂದೆ ಬೀಳುವ ಚಿತ್ರ ದುಂಡಗಿರುತ್ತದೆ, ದೋಸೆಯ ಹಾಗೆ. ಸೆನ್ಸರ್ ಆ ದೋಸೆಯಿಂದ ಒಂದು ಆಯತ ಕತ್ತರಿಸಿಕೊಳ್ಳುತ್ತದೆ. ಫುಲ್ ಫ್ರೇಮ್ ಅಂಚಿನವರೆಗೂ ಕತ್ತರಿಸುತ್ತದೆ. ಕ್ರಾಪ್ ನಡುವಿನ ಪಲ್ಯದ ಜಾಗ ಮಾತ್ರ ಕತ್ತರಿಸುತ್ತದೆ. ದೋಸೆ ಬದಲಾಗಲಿಲ್ಲ, ತಟ್ಟೆಗೆ ಬಂದ ತುಂಡು ಬದಲಾಯಿತು. ಹಾಗಾಗಿ ಒಂದೇ ಲೆನ್ಸ್ ಹಾಕಿದರೆ ಕ್ರಾಪ್‌ನಲ್ಲಿ ನೋಟ ಕಿರಿದಾಗುತ್ತದೆ. ಎಷ್ಟು ಕಿರಿದು ಅನ್ನುವುದಕ್ಕೆ ಒಂದೂವರೆ ಮಗ್ಗಿ ಸಾಕು. ಕ್ಯಾನನ್‌ನವರು ಒಂದು ಪಾಯಿಂಟ್ ಆರು ಅಂತ ಗುಣಿಸಲಿ. ಲೆನ್ಸಿನ ಮಿಮೀ ಕಡಿಮೆಯಾದಷ್ಟೂ ನೋಟ ಅಗಲ. ಕ್ರಾಪ್‌ನಲ್ಲಿ 16 ಮಿಮೀ ಲೆನ್ಸ್ ತೋರಿಸುವಷ್ಟನ್ನೇ ಫುಲ್ ಫ್ರೇಮ್‌ನಲ್ಲಿ 24 ಮಿಮೀ ತೋರಿಸುತ್ತದೆ. ಗೋಡೆಯ ಮೇಲಿನ ಎರಡು ಫೋಟೋ ತೆಗೆದದ್ದೂ ಹಾಗೇ. ಒಂದು 16ರಲ್ಲಿ, ಒಂದು 24ರಲ್ಲಿ.

ಇಷ್ಟು ಎಲ್ಲರೂ ಹೇಳುತ್ತಾರೆ. ಜಾಸ್ತಿ ಜನ ಬಿಟ್ಟುಬಿಡುವುದು ಏನೆಂದರೆ ಈ ಮಗ್ಗಿ ಎಫ್ ನಂಬರಿಗೂ ಅನ್ವಯಿಸುತ್ತದೆ. ಎಫ್ ನಂಬರ್ ಅಂದರೆ ಲೆನ್ಸಿನ ಕಿಂಡಿ ಎಷ್ಟು ತೆರೆದಿದೆ ಅನ್ನುವ ಅಂಕಿ; ಅಂಕಿ ದೊಡ್ಡದಾದಷ್ಟೂ ಕಿಂಡಿ ಸಣ್ಣದು. ನಿಸರ್ಗದ ಫೋಟೋದಲ್ಲಿ ನಮಗೆ ಕಾಲಬುಡದ ಹುಲ್ಲೂ ಚೂಪಾಗಿರಬೇಕು, ದೂರದ ಗುಡ್ಡವೂ ಚೂಪಾಗಿರಬೇಕು. ಮದುವೆ ಫೋಟೋದವರ ಹಾಗೆ ಹಿನ್ನೆಲೆ ಕರಗಿಸುವ ಆಸೆ ನಮಗಿಲ್ಲ. ಕ್ರಾಪ್‌ನಲ್ಲಿ 16 ಮಿಮೀ, ಎಫ್ 8 ಇಟ್ಟು ಸುಮಾರು 1.6 ಮೀಟರ್ ದೂರಕ್ಕೆ ಫೋಕಸ್ ಮಾಡಿದರೆ, 80 ಸೆಂಟಿಮೀಟರ್‌ನಿಂದ ದಿಗಂತದವರೆಗೆ ಎಲ್ಲವೂ ಚೆನ್ನಾಗಿ ಬರುತ್ತದೆ. ಫುಲ್ ಫ್ರೇಮ್‌ನಲ್ಲಿ 24 ಮಿಮೀ, ಎಫ್ 8 ಇಟ್ಟರೆ ಇದು ಸಿಗುವುದಿಲ್ಲ. 2.4 ಮೀಟರ್‌ಗೆ ಫೋಕಸ್ ಮಾಡಬೇಕು, 1.2 ಮೀಟರ್‌ಗಿಂತ ಹತ್ತಿರದ್ದು ಮಸುಕು. ಅದೇ ಆಳ, ಅಂದರೆ ಹತ್ತಿರದಿಂದ ದೂರದವರೆಗೆ ಅಷ್ಟೇ ಚೂಪು, ಬೇಕೆಂದರೆ ಎಫ್ 12ಕ್ಕೆ ಮುಚ್ಚಬೇಕು. ಎಂಟು ಒಂದೂವರೆಲಿ ಹನ್ನೆರಡು.

ಮುಚ್ಚಿದರೆ ಬೆಳಕು ಕಡಿಮೆ. ಇಲ್ಲಿಂದ ಮುಂದಿನದ್ದೇ ನನ್ನ ಇವತ್ತಿನ ಮುಖ್ಯ ಮಾತು, ಸ್ವಲ್ಪ ನಿಧಾನವಾಗಿ ಹೋಗೋಣ.

ಮೇ ತಿಂಗಳ ಸಂಜೆ ಮಳೆ ಅಂತ ಇಟ್ಟುಕೊಳ್ಳಿ. ತಾರಸಿ ಮೇಲೆ ಒಂದು ದೊಡ್ಡ ಪರಾತ, ಒಂದು ಊಟದ ತಟ್ಟೆ ಇಟ್ಟಿದ್ದೀರಿ. ಎರಡರ ಅಂಚೂ ಒಂದೇ ಎತ್ತರ. ಮಳೆ ಅಂದರೆ ಬೆಳಕು. ಪರಾತ ಫುಲ್ ಫ್ರೇಮ್, ತಟ್ಟೆ ಕ್ರಾಪ್. ಒಂದೇ ಮಳೆಗೆ ಪರಾತದಲ್ಲಿ ಜಾಸ್ತಿ ನೀರು ಸೇರುತ್ತದೆ, ಯಾಕೆಂದರೆ ಅದರ ಬಾಯಿ ಸುಮಾರು ಎರಡೂಕಾಲು ಪಟ್ಟು ದೊಡ್ಡದು. ನೀರು ಜಾಸ್ತಿ ಸೇರಿದಷ್ಟೂ ಫೋಟೋದಲ್ಲಿ ನಾಯ್ಸ್, ಅಂದರೆ ಕಾಳುಕಾಳು ಚುಕ್ಕೆ, ಕಡಿಮೆ. ಫುಲ್ ಫ್ರೇಮ್‌ನ ಹೆಗ್ಗಳಿಕೆಯ ತಿರುಳೆಲ್ಲ ಇದೇ.

ಆದರೆ ನಾವು ಎಫ್ 12ಕ್ಕೆ ಮುಚ್ಚಿದೆವಲ್ಲ? ಪರಾತದ ಮೇಲೆ ಬೀಳುವ ಮಳೆಯನ್ನು ಎರಡೂಕಾಲು ಪಾಲು ಸಣ್ಣ ಮಾಡಿದ ಹಾಗಾಯಿತು. ಈಗ ಅಷ್ಟೇ ಹೊತ್ತು ಇಟ್ಟರೆ ಎರಡರಲ್ಲೂ ಸೇರುವ ನೀರು ಒಂದೇ! ಕೈಯಲ್ಲೇ ಕ್ಯಾಮೆರಾ ಹಿಡಿದು, ಕೈ ಅಲುಗಬಾರದೆಂದು ಶಟರ್ ವೇಗ ಬದಲಿಸದೆ, ಆಳವೂ ಅಷ್ಟೇ ಬೇಕೆಂದು ತೆಗೆದರೆ, ಫುಲ್ ಫ್ರೇಮ್‌ನಲ್ಲಿ ಐಎಸ್‌ಓ, ಅಂದರೆ ಸೇರಿದ ಬೆಳಕನ್ನು ಕ್ಯಾಮೆರಾ ಎಷ್ಟು ಹಿಗ್ಗಿಸಿ ತೋರಿಸಬೇಕು ಅನ್ನುವ ಅಂಕಿ, ಏರಿಸಲೇಬೇಕು. ಏರಿಸಿದ ಮೇಲೆ ಲಾಭ ಎಲ್ಲಿ ಉಳಿಯಿತು? ಚೂರುಪಾರು. ಲಕ್ಷಗಟ್ಟಲೆ ಕೊಟ್ಟು ತಂದ ಕ್ಯಾಮೆರಾವನ್ನು ಟ್ರೈಪಾಡ್ ಇಲ್ಲದೆ ಬೆಟ್ಟಕ್ಕೆ ಒಯ್ಯುವವರನ್ನು ಕಂಡರೆ ನನಗೆ ಇದೇ ನೆನಪಾಗುತ್ತದೆ.

ಟ್ರೈಪಾಡ್ ಇದ್ದರೆ ಲೆಕ್ಕ ಬೇರೆ. ಆಗ ಅವಸರವಿಲ್ಲ. ಐಎಸ್‌ಓ 100ರಲ್ಲೇ ಇಟ್ಟು, ಪರಾತ ಕಂಠಪೂರ್ತಿ ತುಂಬುವವರೆಗೂ ಕಾಯಬಹುದು. ತಟ್ಟೆಯೂ ಕಂಠಪೂರ್ತಿ ತುಂಬಲಿ. ತುಂಬಿದ ಪರಾತದಲ್ಲಿ ತುಂಬಿದ ತಟ್ಟೆಗಿಂತ ಎರಡೂಕಾಲು ಪಟ್ಟು ನೀರು. ಬೆಳಕು ಎರಡರಷ್ಟಾದರೆ ಒಂದು ಸ್ಟಾಪ್ ಅನ್ನುತ್ತೇವೆ, ಇದು ಅದಕ್ಕಿಂತ ಸ್ವಲ್ಪ ಜಾಸ್ತಿ. ಈ ಲಾಭ ನಿಜವಾದದ್ದು, ಅದನ್ನು ಯಾರೂ ಅಲ್ಲಗಳೆಯುವ ಹಾಗಿಲ್ಲ. ಪ್ರಶ್ನೆ ಏನೆಂದರೆ, ಐಎಸ್‌ಓ 100ರಲ್ಲಿ ತಟ್ಟೆಯ ನೀರೇ ಬೇಕಾದಷ್ಟಿರುತ್ತದೆ. ಆಕಾಶದಲ್ಲಿ, ಬಂಡೆಯ ಮೈಯಲ್ಲಿ ನಿಮಗೆ ವ್ಯತ್ಯಾಸ ಕಾಣುವುದಿಲ್ಲ. ಕಾಣುವುದು ಕತ್ತಲೆ ಮೂಲೆಗಳನ್ನು ಕಂಪ್ಯೂಟರ್‌ನಲ್ಲಿ ಎಳೆದು ಬೆಳಗಿಸಿದಾಗ.

ಅದಕ್ಕೂ ಒಂದು ಹಳ್ಳಿ ಉಪಾಯ ಇದೆ. ತಟ್ಟೆ ತುಂಬಿತು, ಕೊಡಕ್ಕೆ ಸುರಿಯಿರಿ, ಮತ್ತೆ ಇಡಿ. ಅಂದರೆ ಒಂದೇ ದೃಶ್ಯವನ್ನು ಎರಡು ಮೂರು ಸಲ ತೆಗೆದು ಆಮೇಲೆ ಸೇರಿಸಿ ಸರಾಸರಿ ಮಾಡಿ. ಎರಡು ಫ್ರೇಮ್ ಸೇರಿಸಿದರೆ ಎರಡರಷ್ಟು ಬೆಳಕು ಸೇರಿಸಿದ ಹಾಗೆ. ಬಂಡೆ ಎಲ್ಲಿಗೂ ಓಡಿಹೋಗುವುದಿಲ್ಲವಲ್ಲ! ಗಾಳಿಗೆ ಎಲೆ ಅಲುಗಾಡಿದರೆ, ನೀರು ಹರಿಯುತ್ತಿದ್ದರೆ ಸ್ವಲ್ಪ ತಾಪತ್ರಯ. ಸಾವನದುರ್ಗಕ್ಕೆ ಆ ಭಯ ಇಲ್ಲ. ಸಮುದ್ರಮಟ್ಟದಿಂದ 1226 ಮೀಟರ್ ಎತ್ತರದ ಒಂಟಿ ಕಲ್ಲು, ಅಲುಗಲ್ಲ.

ಇನ್ನೊಂದು ಸಣ್ಣ ಎಚ್ಚರಿಕೆ, ಕ್ರಾಪ್ ಇರುವವರಿಗೆ. ಹಳೆ ಅಭ್ಯಾಸದಿಂದ ಎಫ್ 16ಕ್ಕೆ ಮುಚ್ಚಬೇಡಿ. ಕಿಂಡಿ ಸಣ್ಣದಾದಷ್ಟೂ ಬೆಳಕು ಹರಡಿಕೊಳ್ಳುತ್ತದೆ. ಎಫ್ 16ರಲ್ಲಿ ಒಂದು ಚುಕ್ಕೆ ಸೆನ್ಸರ್ ಮೇಲೆ ಸುಮಾರು 21 ಮೈಕ್ರಾನ್ ಅಗಲದ ಬಿಲ್ಲೆಯಾಗುತ್ತದೆ. 24 ಮೆಗಾಪಿಕ್ಸೆಲ್ ಕ್ರಾಪ್‌ನ ಒಂದು ಪಿಕ್ಸೆಲ್ ಅಗಲ 4 ಮೈಕ್ರಾನ್ ಮಾತ್ರ. ಫುಲ್ ಫ್ರೇಮ್‌ನದ್ದು 6. ಎಫ್ 8ರಲ್ಲಿ ಸಿಗುವ ಚೂಪು ಎಫ್ 16ರಲ್ಲಿ ಸಿಗುವುದಿಲ್ಲ, ಆಮೇಲೆ ಲೆನ್ಸ್ ಸರಿಯಿಲ್ಲ ಅಂತ ಅಂಗಡಿಯವನ ಜೊತೆ ಜಗಳ. ನಾನೂ ಆಡಿದ್ದೇನೆ. ಪಾಪ, ಆತ ಎರಡು ಸಲ ಲೆನ್ಸ್ ಬದಲಿಸಿ ಕೊಟ್ಟ.

ಈಗ ಗೋಡೆಗೆ ಬರೋಣ. ‘ಅ’ ಫುಲ್ ಫ್ರೇಮ್. ‘ಆ’ ಕ್ರಾಪ್.

ಗಲಾಟೆ ಮಾಡಬೇಡಿ, ನಾನು ಮೋಸ ಮಾಡಿಲ್ಲ. ಅವತ್ತು ಬೆಳಿಗ್ಗೆ ಮೋಡ. ಫುಲ್ ಫ್ರೇಮ್‌ನಲ್ಲಿ ಮೊದಲು ತೆಗೆದೆ. ಅದನ್ನು ಬಿಚ್ಚಿ, ಇನ್ನೊಂದನ್ನು ಕೂರಿಸಿ, ಮಟ್ಟ ನೋಡಿ, ಫೋಕಸ್ ಮಾಡುವ ಹೊತ್ತಿಗೆ ನಾಲ್ಕು ನಿಮಿಷ ಕಳೆಯಿತು. ಅಷ್ಟರಲ್ಲಿ ಮೋಡ ಒಂದು ಕಡೆ ಹರಿದು, ಕರಿಗುಡ್ಡದ ಮೈಮೇಲೆ ಓರೆಯಾಗಿ ಬಿಸಿಲು ಬಿತ್ತು. ಸಾವನದುರ್ಗ ಅಂದರೆ ಕರಿಗುಡ್ಡ, ಬಿಳಿಗುಡ್ಡ ಅಂತ ಎರಡು ಗುಡ್ಡ ಸೇರಿದ್ದು, ಗೊತ್ತಲ್ವಾ. ನೀವು ಆಳ ಅಂದದ್ದು, ಮುಟ್ಟೋ ಹಾಗಿದೆ ಅಂದದ್ದು ಆ ಓರೆ ಬಿಸಿಲನ್ನು. ನಾಲ್ಕು ನಿಮಿಷದ ಬಿಸಿಲನ್ನು ನೀವೆಲ್ಲ ದೊಡ್ಡ ಸೆನ್ಸರ್ ಲೆಕ್ಕಕ್ಕೆ ಬರೆದಿರಿ.

ಆಗ ಪ್ರಿಂಟ್ ಹತ್ತಿರ ನಿಂತಿದ್ದ ಹಿರಿಯರು ಮಾತಾಡಿದರು. ಚಾಮರಾಜಪೇಟೆಯ ಒಂದು ಪ್ರೆಸ್‌ನಲ್ಲಿ ಮೂವತ್ತು ವರ್ಷ ಆಫ್‌ಸೆಟ್ ಮೆಷಿನ್ ಮುಂದೆ ನಿಂತವರಂತೆ. ಜೇಬಿನಿಂದ ಸಣ್ಣ ಭೂತಗನ್ನಡಿ ತೆಗೆದು ಎಡಗಡೆ ಕೆಳಮೂಲೆಯ ಬಂಡೆ ಸಂದಿ ತೋರಿಸಿದರು. “ಇಲ್ಲಿ ನೀವು ನೆರಳು ಎತ್ತಿದ್ದೀರಿ. ‘ಅ’ದಲ್ಲಿ ಮೈದಾ. ‘ಆ’ದಲ್ಲಿ ರವೆ. ನಾನು ಆಗಲೇ ಹೇಳುತ್ತಿದ್ದೆ, ನೀವು ಕೈ ಎತ್ತಿ ಅಂದ್ರಿ, ನಂಗೆ ಕೈ ಎತ್ತೋದು ಬರಲ್ಲ.”

ನೂರಕ್ಕೆ ನೂರು ಸರಿ. ಇಡೀ ಸಭೆಯಲ್ಲಿ ವ್ಯತ್ಯಾಸ ಎಲ್ಲಿದೆಯೋ ಅಲ್ಲಿಗೇ ಬೆರಳಿಟ್ಟವರು ಅವರೊಬ್ಬರೇ. ಎರಡರಲ್ಲೂ ಆ ಮೂಲೆಯನ್ನು ಮೂರು ಸ್ಟಾಪ್ ಬೆಳಗಿಸಿದ್ದೆ. ಅದರಲ್ಲೂ ಒಂದು ಸಂಗತಿ ಇದೆ. ‘ಆ’ದಲ್ಲಿ ಬಿಸಿಲು ಬಿದ್ದಿದ್ದರಿಂದ ಬಂಡೆಯ ಹೊಳಪು ಸುಟ್ಟುಹೋಗದಿರಲಿ ಅಂತ ಸ್ವಲ್ಪ ಕತ್ತಲೆಯಾಗಿಯೇ ತೆಗೆಯಬೇಕಾಯಿತು. ಹಾಗಾಗಿ ನೆರಳಿಗೆ ನೀರು ಇನ್ನೂ ಕಡಿಮೆ ಸೇರಿತು. ರವೆಯ ತಪ್ಪನ್ನೆಲ್ಲ ಸೆನ್ಸರ್ ತಲೆಗೆ ಕಟ್ಟಬೇಡಿ. ಆದರೂ ಅರ್ಧ ತಪ್ಪು ಅದರದ್ದೇ.

ಅಂದಹಾಗೆ ಮಂಚನಬೆಲೆಗೆ ಹೋಗುವವರು ದಡದಲ್ಲೇ ಇರಿ, ನೀರಿಗೆ ಇಳಿಯಬೇಡಿ. ನೋಡೋಕೆ ಸೌಮ್ಯವಾಗಿದೆ, ಒಳಗೆ ಹಾಗಿಲ್ಲ. ಒಳ್ಳೆ ಕೋನಕ್ಕೆ ಅಂತ ಕಾಲಿಟ್ಟು ಹೋದವರಿದ್ದಾರೆ.

ಇನ್ನು ಭಾರದ ವಿಷಯ. ಇದನ್ನು ಲೆಕ್ಕದಲ್ಲಿ ಹೇಳುವುದಕ್ಕಿಂತ ನನ್ನ ಮಾನ ಕಳೆದುಕೊಂಡೇ ಹೇಳುತ್ತೇನೆ. ಕುದುರೆಮುಖ ಚಾರಣ. ತುದಿ ಸುಮಾರು 1890 ಮೀಟರ್, ಹೋಗಿ ಬರುವುದು ಇಪ್ಪತ್ತು ಕಿಲೋಮೀಟರ್ ಹತ್ತಿರ. ಸಂಜೆಯೊಳಗೆ ಇಳಿದು ಬರಲೇಬೇಕು. ನಾನು ಹೊಸದಾಗಿ ಫುಲ್ ಫ್ರೇಮ್ ಕೊಂಡಿದ್ದೆ. ಮದುಮಗನ ಹಾಗೆ ಎಲ್ಲವನ್ನೂ ಹೊತ್ತುಕೊಂಡೆ. ಅಗಲ ನೋಟದ ವೈಡ್ ಲೆನ್ಸ್ ಒಂದು, ನಡುವಿನದ್ದು ಒಂದು, ದೂರದ್ದನ್ನು ಹತ್ತಿರ ತರುವ ಟೆಲಿ, 70-200 ಎಫ್ 2.8 ಒಂದು. ಡಿಎಸ್ಎಲ್‌ಆರ್ ಕಾಲದ ಆ ಒಂದು ಲೆನ್ಸೇ ಒಂದೂವರೆ ಕಿಲೋ ಹತ್ತಿರ. ಬೆಳಿಗ್ಗೆ ಹೋಮ್‌ಸ್ಟೇಯಲ್ಲಿ ಬ್ಯಾಗ್ ಎತ್ತಿ ನೋಡಿದೆ, ಬೆನ್ನು ಬೇಡ ಅಂದಿತು. ಏನಾದರೂ ಬಿಡಬೇಕಿತ್ತು. ಏನು ಬಿಟ್ಟೆ ಹೇಳಿ? ಟ್ರೈಪಾಡ್!

ದಾರಿಯಲ್ಲಿ ಶೋಲಾ ಕಾಡಿನೊಳಗೆ ಒಂದು ಹಳ್ಳ. ಮಂಜು ಮರಗಳ ನಡುವೆ ಇಳಿದಿತ್ತು. ಪಾಚಿ ಹಿಡಿದ ಕಲ್ಲು, ಅದರ ಮೇಲೆ ನೀರು. ಒಂದು ಸೆಕೆಂಡ್ ಎಕ್ಸ್‌ಪೋಷರ್ ಬೇಕೇ ಬೇಕು. ಬ್ಯಾಗ್ ಮೇಲೆ ಇಟ್ಟೆ, ಕಲ್ಲಿನ ಮೇಲೆ ಇಟ್ಟೆ, ಉಸಿರು ಬಿಗಿಹಿಡಿದು ಕೈಯಲ್ಲಿ ಹಿಡಿದೆ. ಅಷ್ಟರಲ್ಲಿ ಜಿಗಣೆ ಬೇರೆ ಕಾಲ್ಚೀಲ ಹತ್ತಿತು. ಒಂದೂ ನೆಟ್ಟಗೆ ಬರಲಿಲ್ಲ. ಜೊತೆಯಲ್ಲಿದ್ದ ಗೆಳೆಯನ ಹತ್ತಿರ ಕ್ರಾಪ್ ಬಾಡಿ, ಕ್ಯಾಮೆರಾ ಜೊತೆಗೇ ಬರುವ 18-55 ಕಿಟ್ ಲೆನ್ಸ್, ಒಂದು ಸಣ್ಣ ಟ್ರೈಪಾಡ್. ಆರಾಮಾಗಿ ಮೂರು ಫ್ರೇಮ್ ತೆಗೆದು, ಚಕ್ಕುಲಿ ತಿನ್ನುತ್ತಾ ಕೂತ. ಆ ಫೋಟೋ ಅವನ ಮನೆಯ ಹಾಲ್‌ನಲ್ಲಿದೆ. ಹೋದಾಗಲೆಲ್ಲ ನನ್ನನ್ನು ಅದರ ಕೆಳಗೇ ಕೂರಿಸುತ್ತಾನೆ.

ಇಷ್ಟೆಲ್ಲ ಹೇಳಿ ನಾನು ಫುಲ್ ಫ್ರೇಮ್ ಮಾರಿದೆನಾ? ಇಲ್ಲ. ಯಾಕೆ ಅಂತಲೂ ಹೇಳಬೇಕಲ್ಲ.

ರಾತ್ರಿ ಆಕಾಶ. ಇಲ್ಲಿ ನನ್ನ ತಟ್ಟೆ-ಕೊಡದ ಉಪಾಯ ಸುಲಭಕ್ಕೆ ನಡೆಯುವುದಿಲ್ಲ. ಭೂಮಿ ತಿರುಗುತ್ತದೆ, ನಕ್ಷತ್ರ ಗೆರೆಯಾಗುತ್ತದೆ. ಹಳೆಯ ಒಂದು ಲೆಕ್ಕ ಇದೆ, 500ನ್ನು ಲೆನ್ಸಿನ ಮಿಮೀಯಿಂದ ಭಾಗಿಸಿ, ಅಷ್ಟು ಸೆಕೆಂಡಿನೊಳಗೆ ಮುಗಿಸಿ ಅಂತ. 24 ಮಿಮೀಗೆ 20 ಸೆಕೆಂಡ್. ಕ್ರಾಪ್‌ನ 16ಕ್ಕೂ ಮಗ್ಗಿ ಹಾಕಿದರೆ ಅಷ್ಟೇ. ಆಳದ ಚಿಂತೆಯೂ ಇಲ್ಲ, ಎಲ್ಲವೂ ದೂರದ್ದೇ, ಹಾಗಾಗಿ ಎರಡರಲ್ಲೂ ಲೆನ್ಸ್ ಪೂರ್ತಿ ತೆರೆದಿರುತ್ತದೆ. ಆ 20 ಸೆಕೆಂಡಿನಲ್ಲಿ ಎಷ್ಟು ಸೇರಿತೋ ಅಷ್ಟು. ಪರಾತ ಗೆಲ್ಲುತ್ತದೆ. ನಕ್ಷತ್ರದ ಜೊತೆಗೇ ತಿರುಗುವ ಟ್ರ್ಯಾಕರ್ ಇಟ್ಟುಕೊಂಡವರ ಮಾತು ಬೇರೆ.

ಬೆಂಗಳೂರಿನ ಆಕಾಶದಲ್ಲಿ ಏನು ಕಾಣುತ್ತದೆ ಅಂತ ಕೇಳಬೇಡಿ. ತಮಾಷೆ ನೋಡಿ, ನಮ್ಮ ಪಕ್ಕದ ಹೊಸಕೋಟೆಯಲ್ಲಿ ಕೂತು ವಿಜ್ಞಾನಿಗಳು ಲಡಾಖ್‌ನ ಹಾನ್ಲೆಯಲ್ಲಿ, 4500 ಮೀಟರ್ ಎತ್ತರದಲ್ಲಿರುವ ಹಿಮಾಲಯನ್ ಚಂದ್ರ ದೂರದರ್ಶಕವನ್ನು ನಡೆಸುತ್ತಾರೆ. ಹೊಸಕೋಟೆಯಿಂದ ತಲೆ ಎತ್ತಿದರೆ ಹೆದ್ದಾರಿ ದೀಪ, ಪರದೆ ನೋಡಿದರೆ ಹಾನ್ಲೆಯ ಕಗ್ಗತ್ತಲು. ನಮಗೆ ಆ ಸೌಲಭ್ಯ ಇಲ್ಲ, ದೂರ ಹೋಗಲೇಬೇಕು. ಅಷ್ಟು ದೂರ ಹೋದಾಗ ಫುಲ್ ಫ್ರೇಮ್ ಇದ್ದರೆ ಒಳ್ಳೆಯದು.

ದೊಡ್ಡ ಪ್ರಿಂಟ್ ಮಾಡುವವರಿಗೂ ಅದು ಬೇಕಾಗಬಹುದು. 24 ಮೆಗಾಪಿಕ್ಸೆಲ್ ಅಂದರೆ 6000ಕ್ಕೆ 4000. ಇಂಚಿಗೆ 300 ಚುಕ್ಕೆ ಇಟ್ಟರೆ 20 ಇಂಚು ಅಗಲ. ಅದಕ್ಕಿಂತ ದೊಡ್ಡದು ವರ್ಷಕ್ಕೆ ಎಷ್ಟು ಮಾಡಿಸುತ್ತೀರಿ? ಮೊಬೈಲ್ ಪರದೆಗೆ, ಟಿವಿಗೆ ಹಾಕುವವರು ಈ ಚಿಂತೆಯನ್ನೇ ಬಿಡಿ, 4ಕೆ ಟಿವಿಯೇ 8 ಮೆಗಾಪಿಕ್ಸೆಲ್ ಆಸುಪಾಸು. ಮೂರು ಫ್ರೇಮ್ ಹೊಲಿದು ಪನೋರಮಾ ಮಾಡಿದರೆ ಕ್ರಾಪ್‌ನಲ್ಲೂ ಗೋಡೆ ತುಂಬುತ್ತದೆ.

ಒಂದು ವಿಷಯ ಯಾವ ಕ್ಯಾಮೆರಾ ಪುಸ್ತಿಕೆಯಲ್ಲೂ ದೊಡ್ಡ ಅಕ್ಷರದಲ್ಲಿ ಇರುವುದಿಲ್ಲ. ಬೂಷ್ಟು. ಮಳೆಗಾಲದಲ್ಲಿ ಆಗುಂಬೆಗೆ, ಜೋಗಕ್ಕೆ ಹೋಗಿ ಬಂದು ಬ್ಯಾಗನ್ನು ಹಾಗೇ ಬೀರುವಿಗೆ ತಳ್ಳಿದರೆ, ಎರಡು ತಿಂಗಳಲ್ಲಿ ಲೆನ್ಸ್ ಒಳಗೆ ಜೇಡರ ಬಲೆಯಂಥದ್ದು ಎದ್ದಿರುತ್ತದೆ. ಫುಲ್ ಫ್ರೇಮ್ ಲೆನ್ಸಿಗೂ ಬರುತ್ತದೆ, ಕಿಟ್ ಲೆನ್ಸಿಗೂ ಬರುತ್ತದೆ, ಭೇದಭಾವ ಇಲ್ಲ. ಡ್ರೈ ಕ್ಯಾಬಿನೆಟ್ ಆಗದಿದ್ದರೆ ಗಾಳಿಯಾಡದ ಡಬ್ಬಿ, ಸಿಲಿಕಾ ಜೆಲ್, ಒಂದು ಸಣ್ಣ ತೇವಮಾಪಕ. ಮುಳ್ಳು ಶೇಕಡಾ 40ರಿಂದ 50ರ ನಡುವೆ ಇರಲಿ. ಬಾಡಿ ಮೇಲೆ ಉಳಿಸಿದ ದುಡ್ಡಿನಲ್ಲಿ ಮೊದಲು ಇದನ್ನು ಕೊಳ್ಳಿ.

ಪ್ರಶ್ನೆಗಳು ತುಂಬ ಬಂದವು. ಇಂಜಿನಿಯರಿಂಗ್ ಓದುವ ಹುಡುಗಿಯೊಬ್ಬಳು ಕೇಳಿದಳು, “ಸಾರ್, ಇಂಟರ್ನ್‌ಶಿಪ್ ದುಡ್ಡು ಕೂಡಿಟ್ಟಿದ್ದೀನಿ. ಈಗ ಕ್ರಾಪ್ ತಗೊಂಡು, ಮುಂದೆ ಬೇಕಾಗುತ್ತೆ ಅಂತ ಲೆನ್ಸ್ ಮಾತ್ರ ಫುಲ್ ಫ್ರೇಮ್‌ದೇ ತಗೊಳ್ಳಲಾ?” ಇದು ಎಲ್ಲರೂ ಬೀಳುವ ಹಳ್ಳ. ಟೆಲಿ ಲೆನ್ಸ್ ಆದರೆ ನಡೆಯುತ್ತದಮ್ಮ. ವೈಡ್‌ಗೆ ಬೇಡ. ಫುಲ್ ಫ್ರೇಮ್‌ನ 16-35 ನಿನ್ನ ಕ್ರಾಪ್ ಮೇಲೆ 24-52ರ ಹಾಗೆ ಕೂತಿರುತ್ತದೆ. ವೈಡೂ ಅಲ್ಲ, ಟೆಲಿಯೂ ಅಲ್ಲ, ಭಾರ ಮಾತ್ರ ಪೂರ್ತಿ. ಕ್ರಾಪ್‌ಗೆಂದೇ ಮಾಡಿದ 10-20ರಂಥದ್ದು ತಗೋ, ಸೆಕೆಂಡ್ ಹ್ಯಾಂಡ್ ಆದರೂ ಸರಿ, ಟಾರ್ಚ್ ಬಿಟ್ಟು ಬೂಷ್ಟು ಇದೆಯಾ ನೋಡು. ಮಿಕ್ಕಿದ್ದರಲ್ಲಿ ಒಳ್ಳೆ ಟ್ರೈಪಾಡ್. ಅದರಲ್ಲೂ ಮಿಕ್ಕರೆ ಮಾಗಡಿ ಬಸ್ಸಿನ ಚಾರ್ಜು. ಮುಂದೆ ಫುಲ್ ಫ್ರೇಮ್ ಬೇಕೆನಿಸಿದರೆ ಆ ವೈಡ್ ಮಾರು, ದೊಡ್ಡ ನಷ್ಟ ಆಗಲ್ಲ.

ಒಬ್ಬರು ಖಡಕ್ಕಾಗಿ ಕೇಳಿದರು, ದುಡ್ಡೂ ಇದೆ, ಬೆನ್ನೂ ಗಟ್ಟಿ ಇದೆ, ಆಗ? ಆಗ ಫುಲ್ ಫ್ರೇಮ್ ತಗೊಳ್ಳಿ. ಅದಕ್ಕೆ ನನ್ನ ಭಾಷಣ ಯಾಕೆ?

ಎಲ್ಲ ಮುಗಿದು, ಕುರ್ಚಿ ಮಡಚುವಾಗ, ಪ್ರೆಸ್‌ನಲ್ಲಿದ್ದ ಹಿರಿಯರು ಹತ್ತಿರ ಬಂದರು. ಈ ಪ್ರಿಂಟ್‌ಗಳನ್ನು ಏನು ಮಾಡ್ತೀರಿ ಅಂತ ವಿಚಾರಿಸಿದರು. ಒಂದು ನಿಮಗೇ ಇರಲಿ, ಆರಿಸಿಕೊಳ್ಳಿ ಅಂದೆ. ಬಿಸಿಲು ಬಿದ್ದ ‘ಆ’ ಕಡೆಗೆ ನನ್ನ ಕೈ ಆಗಲೇ ಹೋಗಿತ್ತು, ಟೇಪ್ ಬಿಡಿಸಲು.

“ಅದು ಬೇಡ” ಅಂದರು. “ಇದು ಕೊಡಿ.”

ಮೋಡದ ‘ಅ’. ಮೈದಾ ನೋಡಿ ಮನಸೋತಿರಬೇಕು ಅಂದುಕೊಂಡೆ. ನೆರಳು ಚೆನ್ನಾಗಿದೆ ಅಂತಾನಾ ಅಂತ ಕೇಳಿಯೂಬಿಟ್ಟೆ.

“ನೆರಳಲ್ಲ ಸ್ವಾಮಿ. ನಮ್ಮ ತಾಯಿ ಊರು ಮಾಗಡಿ ಕಡೆ. ಚಿಕ್ಕವನಿದ್ದಾಗ ನೋಡಿದ ಕರಿಗುಡ್ಡ ಕರ್ರಗಿತ್ತು. ಅದರಲ್ಲಿ ನೀವು ಚಿನ್ನದ ಬಣ್ಣ ಬಳಿದಿದ್ದೀರಿ.”

ನಾನಲ್ಲ, ಸೂರ್ಯ ಬಳಿದದ್ದು ಅಂತ ಹೇಳಹೊರಟೆ. ಅವರು ಆಗಲೇ ಪ್ರಿಂಟನ್ನು ಹಳೆ ಪೇಪರ್‌ನಲ್ಲಿ ಸುತ್ತಿ, ಅಂಚು ಮಡಿಸದ ಹಾಗೆ ಸುರುಳಿ ಮಾಡುವುದು ಹೇಗೆ ಅಂತ ನನಗೆ ತೋರಿಸುತ್ತಿದ್ದರು.